ಕಂಪ್ಯೂಟರ್ ಸೈನ್ಸ್ ಪದವಿ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಲೆಕ್ಕ

ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಕರ್ನಾಟಕದಲ್ಲಿ ಬಹುಕಾಲದಿಂದ ಪಿಯುಸಿ ವಿಜ್ಞಾನ ಮುಗಿಸಿದವರ ಮೊದಲ ಆಯ್ಕೆ. ಸಿಇಟಿ ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿಯಲ್ಲಿ ಹೆಚ್ಚಿನವರು ಮೊದಲು ತುಂಬುವುದು ಈ ಶಾಖೆಯನ್ನೇ. ಅದು ಸಿಗದಿದ್ದರೆ ಅದರ ಹೆಸರನ್ನು ಹೊತ್ತ ಹೊಸ ಶಾಖೆಗಳನ್ನು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲೂ ಇದೇ ರೂಢಿ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರಿನಲ್ಲಿ ಕಬ್ಬು ಬೆಳೆಯುವ ಈ ಸೀಮೆಯ ಒಕ್ಕಲು ಮನೆಗಳಿಗೆ ಮಗ ಅಥವಾ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರುವುದೆಂದರೆ ಮಳೆಯನ್ನೂ ಸಕ್ಕರೆ ಕಾರ್ಖಾನೆಯ ಬಿಲ್ಲನ್ನೂ ನೆಚ್ಚಬೇಕಿಲ್ಲದ ಒಂದು ಆದಾಯ. ಆ ಆದಾಯದ ಮೇಲಿನ ನಂಬಿಕೆ ಕಳೆದ ಕೆಲವು ವರ್ಷಗಳಲ್ಲಿ ಅಲುಗಾಡಿದೆ. ಕಂಪನಿಗಳು ಹೊಸಬರನ್ನು ಕಡಿಮೆ ತೆಗೆದುಕೊಳ್ಳುತ್ತಿವೆ, ಕೃತಕ ಬುದ್ಧಿಮತ್ತೆ (ಎಐ) ಪ್ರೋಗ್ರಾಂ ಬರೆಯುತ್ತಿದೆ. ನಾಲ್ಕು ವರ್ಷ ಕಳೆದು, ಲಕ್ಷಗಟ್ಟಲೆ ಸುರಿದು ಪಡೆಯುವ ಈ ಪದವಿ ಇನ್ನೂ ತಕ್ಕುದೇ ಎಂಬ ಪ್ರಶ್ನೆಗೆ ರಾಜ್ಯಕ್ಕೆಲ್ಲ ಒಂದೇ ಉತ್ತರ ಹೇಳಲಾಗದು. ಯಾವ ಕಾಲೇಜು, ಯಾವ ಬಗೆಯ ಸೀಟು, ಎಷ್ಟು ಸಾಲ ಎಂಬುದರ ಮೇಲೆ ಉತ್ತರ ನಿಂತಿದೆ.

ಭಾರತದಲ್ಲಿ ಕಂಪ್ಯೂಟರ್ ಶಿಕ್ಷಣದ ಮೊದಲ ನೆಲೆಗಳಲ್ಲಿ ಐಐಟಿ ಕಾನ್ಪುರ ಒಂದು. ಅಲ್ಲಿಗೆ ಐಬಿಎಂ 1620 ಯಂತ್ರ ಬಂದದ್ದು 1963ರಲ್ಲಿ. ಕರ್ನಾಟಕದಲ್ಲಿ ಈ ವಿದ್ಯೆ ಕೆಲಸದ ದಾರಿಯಾದದ್ದು ಎಂಬತ್ತರ ದಶಕದಲ್ಲಿ. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅಲ್ಲಿ ಕಚೇರಿ ತೆರೆಯಿತು. ಬೆಳಗಾವಿ ಸೀಮೆಗೆ ಎಂಜಿನಿಯರಿಂಗ್ ಓದು ಹತ್ತಿರವಾದದ್ದು 1979ರಲ್ಲಿ ಶುರುವಾದ ಗೋಗಟೆ ಮತ್ತು ಕೆಎಲ್ಇ ಕಾಲೇಜುಗಳಿಂದ. ಹುಕ್ಕೇರಿ ತಾಲ್ಲೂಕಿನೊಳಗೇ, ನಿಡಸೋಸಿಯಲ್ಲಿ, ಹಿರಾಶುಗರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ 1996ರಲ್ಲಿ ಬಾಗಿಲು ತೆರೆಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬೆಳಗಾವಿಯನ್ನು ಕೇಂದ್ರ ಮಾಡಿಕೊಂಡು ಸ್ಥಾಪನೆಯಾದಾಗ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ ಬಂತು. ನಿಡಸೋಸಿಯ ಕಾಲೇಜಿನಲ್ಲಿ ಓದಿದವನಿಗೂ ಬೆಂಗಳೂರಿನಲ್ಲಿ ಓದಿದವನಿಗೂ ಪದವಿ ಪತ್ರದ ಮೇಲೆ ಒಂದೇ ವಿಶ್ವವಿದ್ಯಾಲಯದ ಮುದ್ರೆ. ಹಳ್ಳಿಯ ಮಕ್ಕಳಿಗೆ ಇದರಿಂದ ಆದ ಉಪಕಾರ ದೊಡ್ಡದು, ಅದನ್ನು ಮರೆಯಬಾರದು.

ಈ ಪದವಿಯ ಕಾಲ ಮುಗಿಯಿತು ಎಂಬ ಮಾತು ಈಗ ಮೊದಲ ಸಲ ಕೇಳಿಬರುತ್ತಿಲ್ಲ. 2000-01ರಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆದಾಗ ಅಮೆರಿಕದಲ್ಲಿ ಈ ವಿಷಯಕ್ಕೆ ಸೇರುವವರ ಸಂಖ್ಯೆ ಕುಸಿದು, ಮತ್ತೆ ಏಳಲು ಹಲವು ವರ್ಷ ಬೇಕಾದವು. 2008ರ ಆರ್ಥಿಕ ಹಿಂಜರಿತದಲ್ಲಿ ಕ್ಯಾಂಪಸ್ಸಿನಲ್ಲಿ ಆಯ್ಕೆಯಾದವರೂ ಸೇರ್ಪಡೆ ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾದರು. ಎರಡು ಸಲವೂ ಕೆಲಸ ಮರಳಿತು, ಮೊದಲಿಗಿಂತ ಹೆಚ್ಚಾಗಿಯೇ ಮರಳಿತು. ಅದಕ್ಕೂ ಹಿಂದೆ, 1957ರಲ್ಲಿ ಫೋರ್ಟ್ರಾನ್ ಭಾಷೆ ಬಂದಾಗ, ಯಂತ್ರವೇ ಯಂತ್ರದ ಸಂಕೇತಗಳನ್ನು ಬರೆಯುತ್ತದೆ, ಪ್ರೋಗ್ರಾಂ ಬರೆಯುವವರ ಗೋಜು ತಪ್ಪುತ್ತದೆ ಎಂದು ನಂಬಿದವರಿದ್ದರು. ಬರೆಯುವುದು ಸುಲಭವಾದಂತೆ ಬರೆಸುವವರು ಹೆಚ್ಚಿದರು, ಕೆಲಸ ಬೆಳೆಯಿತು. ಈ ಇತಿಹಾಸ ಧೈರ್ಯ ಕೊಡುವಂಥದ್ದು. ಆದರೆ ಅದನ್ನೇ ಗ್ಯಾರಂಟಿ ಎಂದುಕೊಂಡು ಹೊಲ ಒತ್ತೆ ಇಡುವುದು ತಪ್ಪು.

ಈಗಿನ ಕುಸಿತಕ್ಕೆ ಕಾರಣ ಒಂದಲ್ಲ. ಕೋವಿಡ್ ಕಾಲದಲ್ಲಿ ಜಗತ್ತಿನ ಕಂಪನಿಗಳೆಲ್ಲ ಒಮ್ಮೆಲೇ ಡಿಜಿಟಲ್ ಕೆಲಸಕ್ಕೆ ಇಳಿದವು. ಭಾರತದ ಐಟಿ ಕಂಪನಿಗಳು 2021 ಮತ್ತು 2022ರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಂಡವು. ಆಮೇಲೆ ಅಮೆರಿಕದಲ್ಲಿ ಬಡ್ಡಿ ದರ ಏರಿತು, ಗಿರಾಕಿಗಳು ಖರ್ಚು ಬಿಗಿ ಹಿಡಿದರು. 2023-24ರ ಒಂದೇ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್ ಮತ್ತು ವಿಪ್ರೊ ಮೂರರ ಒಟ್ಟು ಸಿಬ್ಬಂದಿ ಸುಮಾರು 64 ಸಾವಿರ ಇಳಿಯಿತು. 2025ರ ಫೆಬ್ರುವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ತರಬೇತಿ ಕೇಂದ್ರದಿಂದ ಆಂತರಿಕ ಪರೀಕ್ಷೆಯಲ್ಲಿ ಪಾಸಾಗದ 300ಕ್ಕೂ ಹೆಚ್ಚು ಹೊಸಬರು ಹೊರಬಿದ್ದರು. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಇವುಗಳಲ್ಲಿ ಎಷ್ಟು ಭಾಗ ಕೃತಕ ಬುದ್ಧಿಮತ್ತೆಯಿಂದ, ಎಷ್ಟು ಭಾಗ ಮಾರುಕಟ್ಟೆಯಿಂದ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲಿನ ಬದಲಾವಣೆ ಹಿಂದಿನ ಹಿಂಜರಿತಗಳಿಗೆ ಇರದ ಒಂದು ಗುಣವನ್ನು ಹೊಂದಿದೆ: ಅದು ನೇರವಾಗಿ ಹೊಸಬರ ಕೆಲಸಕ್ಕೇ ಕೈಹಾಕಿದೆ.

ಅದು ಹೇಗೆಂದು ತಿಳಿಯಲು ಭಾರತದ ಐಟಿ ಸೇವಾ ಕಂಪನಿಗಳ ರಚನೆಯನ್ನು ಅರಿಯಬೇಕು. ಹೊರದೇಶದ ಬ್ಯಾಂಕು, ವಿಮಾ ಕಂಪನಿ, ಅಂಗಡಿ ಸರಣಿಗಳ ಸಾಫ್ಟ್‌ವೇರನ್ನು ಬರೆದುಕೊಡುವುದು, ಪರೀಕ್ಷಿಸುವುದು, ನೋಡಿಕೊಳ್ಳುವುದು ಇವುಗಳ ವ್ಯಾಪಾರ. ಎಷ್ಟು ಜನ ಎಷ್ಟು ತಾಸು ದುಡಿದರು ಎಂಬುದರ ಮೇಲೆ ಬಿಲ್ಲಾಗುತ್ತಿತ್ತು. ಮೇಲೆ ಕೆಲವೇ ಅನುಭವಿಗಳು, ನಡುವೆ ತಂಡ ನಡೆಸುವವರು, ಬುಡದಲ್ಲಿ ಸಾವಿರಾರು ಫ್ರೆಶರ್‌ಗಳು. ಬುಡ ಅಗಲವಾದಷ್ಟು ಲಾಭ ಹೆಚ್ಚು. ಅದಕ್ಕಾಗಿಯೇ ಕಂಪನಿಗಳು ನಿಡಸೋಸಿಯಂಥ ಊರುಗಳ ಕಾಲೇಜಿನವರೆಗೂ ಕ್ಯಾಂಪಸ್ ಆಯ್ಕೆಗೆ ಕೈಚಾಚಿದವು, ಗಣಿತ ಬಲ್ಲ ಹುಡುಗ ಹುಡುಗಿಯರನ್ನು ತೆಗೆದುಕೊಂಡು ತಾವೇ ತಿಂಗಳುಗಟ್ಟಲೆ ತರಬೇತಿ ಕೊಟ್ಟವು. ಬುಡದ ಕೆಲಸವೆಂದರೆ ಸಣ್ಣ ಸಣ್ಣ ಕೋಡ್ ತುಣುಕು ಬರೆಯುವುದು, ಟೆಸ್ಟ್ ಕೇಸ್ ತಯಾರಿಸುವುದು, ಹಳೆಯ ಕೋಡಿನ ತಪ್ಪು ಹುಡುಕುವುದು, ದಾಖಲೆ ಬರೆಯುವುದು. ಈಗಿನ ಎಐ ಉಪಕರಣಗಳಿಗೆ ಚೆನ್ನಾಗಿ ಬರುವುದೂ ಇವೇ ಕೆಲಸಗಳು. ಹತ್ತು ಜನರ ತಂಡದಲ್ಲಿ ಆರೇಳು ಜನ ಸಾಕೆಂದಾದಾಗ ಮೊದಲು ನಿಲ್ಲುವುದು ಹೊಸಬರ ನೇಮಕ.

ಅಂಕಿಗಳೂ ಹಾಗೇ ಹೇಳುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಅಮೆರಿಕದ ಸಂಬಳ ದಾಖಲೆಗಳನ್ನು ಪರಿಶೀಲಿಸಿ, 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯ ಮಟ್ಟಕ್ಕಿಂತ ಸುಮಾರು ಶೇ 20ರಷ್ಟು ಇಳಿದಿದೆ ಎಂದು ಕಂಡುಕೊಂಡರು. ಅದೇ ಅವಧಿಯಲ್ಲಿ ವಯಸ್ಸಾದ, ಅನುಭವವಿದ್ದ ಡೆವಲಪರ್‌ಗಳ ಉದ್ಯೋಗ ಹಾಗೆ ಇಳಿಯಲಿಲ್ಲ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು 2025ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಹೊಸದಾಗಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರ ನಿರುದ್ಯೋಗ ಶೇ 6.1 ಇತ್ತು. ಇವು ಅಮೆರಿಕದ ಅಂಕಿಗಳು, ಗೋಕಾಕದವಲ್ಲ. ಆದರೆ ಬೆಂಗಳೂರಿನ ಕೆಲಸ ಬಹುಪಾಲು ಬರುವುದು ಅಲ್ಲಿನ ಗಿರಾಕಿಗಳಿಂದಲೇ.

ಇನ್ನೊಂದು ಬದಿಯ ಸಾಕ್ಷ್ಯವೂ ಗಟ್ಟಿಯಾಗಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 2023ರಿಂದ 2033ರ ಹತ್ತು ವರ್ಷಗಳಿಗೆ ಮಾಡಿದ ಅಂದಾಜಿನಲ್ಲಿ ಕೇವಲ ಕೋಡ್ ಬರೆಯುವ ಪ್ರೋಗ್ರಾಮರ್‌ಗಳ ಕೆಲಸ ಶೇ 10ರಷ್ಟು ಇಳಿಯುತ್ತದೆ, ಸಾಫ್ಟ್‌ವೇರನ್ನು ಯೋಜಿಸಿ, ಕಟ್ಟಿ, ಪರಿಶೀಲಿಸುವವರ ಕೆಲಸ ಶೇ 17ರಷ್ಟು ಏರುತ್ತದೆ ಎಂದಿತ್ತು. 2025ರ ಜುಲೈನಲ್ಲಿ ಪ್ರಕಟವಾದ ಮೀಟರ್ ಎಂಬ ಸಂಸ್ಥೆಯ ಪ್ರಯೋಗವೊಂದರಲ್ಲಿ, ತಮಗೆ ಚೆನ್ನಾಗಿ ಗೊತ್ತಿದ್ದ ದೊಡ್ಡ ಕೋಡಿನ ಮೇಲೆ ಕೆಲಸ ಮಾಡಿದ ಅನುಭವಿಗಳು ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ತಾವು ಬೇಗ ಮುಗಿಸಿದೆವೆಂದೇ ಅವರು ನಂಬಿದ್ದರು. ಯಂತ್ರ ಬರೆದುಕೊಟ್ಟದ್ದು ಸರಿಯೇ ಎಂದು ನೋಡಬಲ್ಲವರು ಬೇಕು. ಇಂಥ ಭವಿಷ್ಯವಾಣಿ ಬೇರೆ ವೃತ್ತಿಯಲ್ಲೂ ಹುಸಿಯಾಗಿದೆ: 2016ರಲ್ಲಿ ಕೃತಕ ಬುದ್ಧಿಮತ್ತೆಯ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್ ಎಕ್ಸ್‌ರೇ ನೋಡುವ ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದನ್ನು ನಿಲ್ಲಿಸಬೇಕು ಎಂದಿದ್ದರು. ಆಮೇಲೂ ಆಸ್ಪತ್ರೆಗಳು ಆ ವೈದ್ಯರಿಗಾಗಿ ಹುಡುಕುತ್ತಲೇ ಇವೆ.

ಹೀಗಿರುವಾಗ ಪದವಿಯೊಳಗೆ ಕಲಿಸುವುದೇನು ಎಂಬುದು ಮುಖ್ಯವಾಗುತ್ತದೆ. ವಿಟಿಯು ಪಠ್ಯಕ್ರಮದಲ್ಲಿ ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್ ವಿನ್ಯಾಸ, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್, ಜೊತೆಗೆ ಗಣಿತ ಇವೆ. ಇವು ಬೇಗ ಹಳತಾಗುವ ವಿಷಯಗಳಲ್ಲ. ಜಾವಾ ಹೋಗಿ ಪೈಥಾನ್ ಬಂದೀತು, ನಾಳೆ ಇನ್ನೊಂದು ಬಂದೀತು. ಒಂದು ಲಕ್ಷ ರೈತರ ದಾಖಲೆಯಲ್ಲಿ ಒಬ್ಬನ ಹೆಸರನ್ನು ಕ್ಷಣದಲ್ಲಿ ಹುಡುಕುವುದು ಹೇಗೆ, ಇಬ್ಬರು ಏಕಕಾಲಕ್ಕೆ ಒಂದೇ ಖಾತೆಯಿಂದ ಹಣ ತೆಗೆದರೆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಹೇಗೆ ಎಂಬ ತಿಳಿವಳಿಕೆ ಉಳಿಯುತ್ತದೆ. ಎಐ ಕೊಟ್ಟ ಉತ್ತರದ ಸರಿತಪ್ಪು ತೂಗಲು ಬೇಕಾದದ್ದು ಇದೇ. ಕೊರತೆ ಇರುವುದು ಕಲಿಸುವ ಬಗೆಯಲ್ಲಿ. ಹಳೆಯ ಪ್ರಶ್ನೆಪತ್ರಿಕೆ ಉರು ಹೊಡೆದು ಪಾಸಾಗುವುದು, ಲ್ಯಾಬ್ ರೆಕಾರ್ಡನ್ನು ಹಿಂದಿನ ಬ್ಯಾಚಿನಿಂದ ನಕಲು ಮಾಡುವುದು, ಕೊನೆಯ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ಕೊಳ್ಳುವುದು ಅನೇಕ ಕಡೆ ರೂಢಿಯಾಗಿದೆ. ಹಾಗೆ ಪಡೆದ ಪದವಿಗೆ ಹತ್ತು ವರ್ಷದ ಹಿಂದೆ ಬೆಲೆ ಸಿಕ್ಕಿದ್ದು ಕಂಪನಿಯೇ ಮತ್ತೆ ಕಲಿಸುತ್ತಿದ್ದುದರಿಂದ. ಆ ಆಸರೆ ಈಗ ಸಣ್ಣದಾಗುತ್ತಿದೆ.

ಸೀಟುಗಳ ಸಂಖ್ಯೆ ಮಾತ್ರ ಬೆಳೆಯುತ್ತಲೇ ಇದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರಿಂದ ಒಂದು ಶಾಖೆಯಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆಯಿತು. ಕಾಲೇಜುಗಳು ಬೇಡಿಕೆ ಇದ್ದ ಕಡೆಗೆ ಓಡಿದವು: ಸಿಎಸ್, ಎಐ ಮತ್ತು ಮಷೀನ್ ಲರ್ನಿಂಗ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಹೀಗೆ ಹೆಸರುಗಳು ಹೆಚ್ಚಿದವು, ಸಿವಿಲ್ ಮತ್ತು ಮೆಕ್ಯಾನಿಕಲ್ ಸೊರಗಿದವು. ಈ ಹೊಸ ಶಾಖೆಗಳ ಮೊದಲ ಎರಡು ವರ್ಷದ ಪಾಠ ಬಹುಪಾಲು ಸಿಎಸ್ ಪಾಠವೇ. ಹೆಸರಿನಲ್ಲಿ ಎಐ ಇದೆಯೆಂದು ಹೆಚ್ಚು ಹಣ ಕೊಡಲು ಕಾರಣವಿಲ್ಲ. ಕಲಿಸಲು ಆ ವಿಷಯ ಬಲ್ಲ ಅಧ್ಯಾಪಕರಿದ್ದಾರೆಯೇ ಎಂಬುದನ್ನು ಮೊದಲು ಕೇಳಬೇಕು.

ಇನ್ನು ಹಣದ ಲೆಕ್ಕ. ಇದೇ ಈ ಸೀಮೆಯ ಮನೆಗಳಿಗೆ ಎಲ್ಲಕ್ಕಿಂತ ದೊಡ್ಡ ವಿಷಯ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಹೋರಾಟ ನಡೆಸಿದರು. ಕೊನೆಗೆ ಸರ್ಕಾರ 3,300 ರೂಪಾಯಿಯ ದರವನ್ನು ಗೊತ್ತುಮಾಡಿತು. ಎಕರೆಗೆ 40 ಟನ್ ಇಳುವರಿ ಎಂದು ಹಿಡಿದರೆ ಬರುವುದು 1,32,000 ರೂಪಾಯಿ. ಬೀಜ, ಗೊಬ್ಬರ, ಆಳು, ನೀರಿನ ಖರ್ಚು ಇದರಲ್ಲೇ ಹೋಗಬೇಕು. ಖಾಸಗಿ ಕಾಲೇಜಿನಲ್ಲಿ ಸಿಇಟಿ ಮೂಲಕ ಸಿಕ್ಕ ಸೀಟಿನ ವಾರ್ಷಿಕ ಶುಲ್ಕ ಒಂದು ಲಕ್ಷದ ಆಸುಪಾಸು. ಹಾಸ್ಟೆಲ್, ಊಟ, ಪುಸ್ತಕ, ಲ್ಯಾಪ್‌ಟಾಪ್ ಸೇರಿದರೆ ಒಂದು ವರ್ಷದ ಓದಿಗೆ ಒಂದೂವರೆ ಎಕರೆ ಕಬ್ಬಿನ ಪೂರ್ತಿ ಹುಟ್ಟುವಳಿ ಬೇಕು. ನಾಲ್ಕು ವರ್ಷಕ್ಕೆ ಏಳೆಂಟು ಲಕ್ಷ. ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ ಸಿಗುವ ಸೀಟಿಗೆ ಶುಲ್ಕವೇ ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಬೆಂಗಳೂರಿನ ಹೆಸರುವಾಸಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟಿಗೆ ಹೇಳುವ ಮೊತ್ತ ಇದರ ಹಲವು ಪಟ್ಟು.

ಎದುರಿಗೆ ಸಂಬಳವಿದೆ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಸಾಮಾನ್ಯ ಫ್ರೆಶರ್‌ನ ವಾರ್ಷಿಕ ಪ್ಯಾಕೇಜ್ ಮೂರರಿಂದ ನಾಲ್ಕು ಲಕ್ಷದ ನಡುವೆ ಹತ್ತು ವರ್ಷಕ್ಕೂ ಮೇಲ್ಪಟ್ಟು ನಿಂತಲ್ಲೇ ನಿಂತಿದೆ. ಬೆಲೆ ಏರಿಕೆಯನ್ನು ಕಳೆದರೆ ಅದು ಇಳಿದಿದೆ ಎಂದೇ ಅರ್ಥ. ಮೂರೂವರೆ ಲಕ್ಷದ ಪ್ಯಾಕೇಜಿನಲ್ಲಿ ತಿಂಗಳಿಗೆ ಕೈಗೆ ಬರುವುದು 25 ಸಾವಿರದ ಆಸುಪಾಸು. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಓಡಾಟ ಕಳೆದು ಉಳಿಯುವುದು ಏಳೆಂಟು ಸಾವಿರ. ನಾಲ್ಕು ಲಕ್ಷದ ಶಿಕ್ಷಣ ಸಾಲವನ್ನು ಶೇ 10ರ ಬಡ್ಡಿಯಲ್ಲಿ ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,600 ರೂಪಾಯಿ ಕಟ್ಟಬೇಕು. ಕಷ್ಟವಾದರೂ ಸಾಗುತ್ತದೆ. ಅದೇ ಸಾಲ 15 ಲಕ್ಷವಾದರೆ ಕಂತು 25 ಸಾವಿರದ ಹತ್ತಿರ ಹೋಗುತ್ತದೆ; ಸಂಬಳ ಪೂರ್ತಿ ಬ್ಯಾಂಕಿಗೆ, ಖರ್ಚು ಮತ್ತೆ ಮನೆಯ ತಲೆಗೆ. ಕೆಲಸ ಸಿಗಲು ಒಂದು ವರ್ಷ ತಡವಾದರಂತೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಈ ಹೊರೆಯನ್ನು ಕಡಿಮೆ ಮಾಡುವ ದಾರಿಗಳಿವೆ, ಆದರೆ ಅವು ಹಳ್ಳಿಗಳಿಗೆ ಸರಿಯಾಗಿ ಮುಟ್ಟಿಲ್ಲ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲಿ ಓದಿದರು ಎಂಬುದು ಗ್ರಾಮೀಣ ಮೀಸಲಿಗೆ ಆಧಾರ. ಹಳ್ಳಿಯಲ್ಲಿ ಮನೆಯಿದ್ದು ಗೋಕಾಕ ನಗರದ ಶಾಲೆಗೆ ಬಸ್ಸಿನಲ್ಲಿ ಹೋದ ಮಗುವಿಗೆ ಇದು ತಪ್ಪುತ್ತದೆ. ಪ್ರಮಾಣಪತ್ರಗಳನ್ನು ಹತ್ತನೇ ತರಗತಿ ಮುಗಿದ ಕೂಡಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದವರಿಗೆ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟುಗಳಿವೆ. ಶಾಖೆಯ ಸೀಟುಗಳ ಶೇ 5ರಷ್ಟು ಇರುವ ಇವುಗಳಿಗೆ ಬೋಧನಾ ಶುಲ್ಕವಿಲ್ಲ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಇರುವುದರಿಂದ ಬೆಳಗಾವಿ ಜಿಲ್ಲೆಗೆ ಅದು ಅನ್ವಯಿಸದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಕಡಿಮೆ ಖರ್ಚಿನ ಈ ದಾರಿಯನ್ನು ಪಿಯುಸಿಯ ಗುಂಗಿನಲ್ಲಿ ಮನೆಗಳು ಕಡೆಗಣಿಸುತ್ತಿವೆ. ಬಿಸಿಎ ಇನ್ನೊಂದು ಆಯ್ಕೆ. 2024-25ರಿಂದ ಅದೂ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದಿದೆ. ಬಿಸಿಎ ಓದಿ, ಚೆನ್ನಾಗಿ ಕಲಿತು, ಆಮೇಲೆ ಎಂಸಿಎ ಮಾಡಿದವರು ದುಬಾರಿ ಸೀಟಿನ ಎಂಜಿನಿಯರ್‌ಗಿಂತ ಹಿಂದೆ ಬೀಳಬೇಕಿಲ್ಲ.

ಪದವಿಯೇ ಬೇಡ, ಆನ್‌ಲೈನಿನಲ್ಲಿ ಆರು ತಿಂಗಳು ಕೋಡಿಂಗ್ ಕಲಿತರೆ ಸಾಕು ಎಂಬ ಸಲಹೆ ಹಳ್ಳಿಯ ವಿದ್ಯಾರ್ಥಿಗೆ ಅಪಾಯದ್ದು. ಕಂಪನಿಗಳು ಅರ್ಜಿಗಳನ್ನು ಜರಡಿ ಹಿಡಿಯುವಾಗ ಪದವಿ, ಶೇ 60 ಅಂಕ, ಬ್ಯಾಕ್‌ಲಾಗ್ ಇಲ್ಲದಿರುವುದು ಇವುಗಳನ್ನೇ ಮೊದಲು ನೋಡುತ್ತವೆ. ಗೇಟ್ ಪರೀಕ್ಷೆ, ಎಂ.ಟೆಕ್, ಸಾರ್ವಜನಿಕ ಉದ್ಯಮಗಳ ಕೆಲಸ, ಅಧ್ಯಾಪಕ ವೃತ್ತಿ, ಹೊರದೇಶದ ಓದು ಎಲ್ಲಕ್ಕೂ ಪದವಿ ಬೇಕೇ ಬೇಕು. ಬೆಂಗಳೂರಿನಲ್ಲಿ ಬಳಗ, ಪರಿಚಯ ಇದ್ದವರು ಪದವಿ ಇಲ್ಲದೆಯೂ ಒಳಹೊಕ್ಕಾರು. ಮೂಡಲಗಿಯಿಂದ ಮೊದಲ ಸಲ ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಆ ಕಾಗದವೇ ಪರಿಚಯಪತ್ರ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ಮಗಳನ್ನು ದೂರದ ಊರಿಗೆ ಕಳಿಸಲು ಹಿಂಜರಿಯುವ ಮನೆಗಳೂ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದರೆ ಒಪ್ಪುತ್ತವೆ. ಆ ನಾಲ್ಕು ವರ್ಷ ಅವಳಿಗೆ ಮದುವೆಯ ಮಾತನ್ನು ಮುಂದೂಡುವ ಬಲವನ್ನೂ ಸ್ವಂತ ಸಂಬಳದ ಸಾಧ್ಯತೆಯನ್ನೂ ಕೊಡುತ್ತವೆ. ಇದಕ್ಕೆ ಪ್ಯಾಕೇಜಿನಲ್ಲಿ ಬೆಲೆ ಕಟ್ಟಲಾಗದು.

ಕೆಲಸ ಬೆಂಗಳೂರಿನಲ್ಲಿ ಮಾತ್ರ ಇದೆ ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಈ ಸೀಮೆಯಲ್ಲಿ ಯಂತ್ರೋದ್ಯಮ ಹಳೆಯದು. ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ 1885ರಲ್ಲಿ ಹುಟ್ಟಿತು, 1887ರಲ್ಲೇ ಆ ನೀರಿನಿಂದ ವಿದ್ಯುತ್ ತೆಗೆಯಲಾಯಿತು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ರೈತರ ಪಂಪ್‌ಸೆಟ್ಟುಗಳಿಗೂ ಮನೆಗಳಿಗೂ ತಾನೇ ವಿದ್ಯುತ್ ಹಂಚುತ್ತಿದೆ. ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಗೋಕಾಕದ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಬಿಡಿಭಾಗ ತಯಾರಾಗುತ್ತವೆ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ವಿದ್ಯುತ್ ಬಿಲ್ಲು, ಕಬ್ಬಿನ ತೂಕ ಮತ್ತು ಕಟಾವಿನ ಸರದಿ, ಸಹಕಾರಿ ಸಂಘದ ಸಾಲದ ಖಾತೆ, ಸಿಎನ್‌ಸಿ ಯಂತ್ರದ ಅಳತೆ ಎಲ್ಲಕ್ಕೂ ಸಾಫ್ಟ್‌ವೇರ್ ಬೇಕು. ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಕೃಷಿ ಅಭಿವೃದ್ಧಿ ಟ್ರಸ್ಟ್ ಮೈಕ್ರೋಸಾಫ್ಟ್ ನೆರವಿನಿಂದ ಕಬ್ಬಿನ ಹೊಲದಲ್ಲಿ ಸೆನ್ಸರ್, ಉಪಗ್ರಹ ಚಿತ್ರ ಮತ್ತು ಎಐ ಬಳಸಿ ನೀರು ಗೊಬ್ಬರದ ಲೆಕ್ಕ ಹೇಳುವ ಪ್ರಯೋಗ ನಡೆಸಿದೆ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ, ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಕಾಲೇಜು ಇಷ್ಟು ಹತ್ತಿರ ಇರುವಾಗ ಅಂಥ ಕೆಲಸ ಇಲ್ಲೂ ಆಗಬೇಕು. ಕಬ್ಬು ಬಲ್ಲ ಮನೆಯಲ್ಲಿ ಹುಟ್ಟಿದ ಕಂಪ್ಯೂಟರ್ ಎಂಜಿನಿಯರ್‌ಗೆ ಬೆಂಗಳೂರಿನವನಿಗೆ ಇಲ್ಲದ ತಿಳಿವಳಿಕೆ ಇದೆ, ಅದು ಎಐಗೂ ಸುಲಭಕ್ಕೆ ದಕ್ಕದ್ದು.

ಇಂಥ ಸ್ಥಳೀಯ ಕೆಲಸಗಳು ಇವತ್ತು ಕಡಿಮೆ, ಸಂಬಳವೂ ಕಡಿಮೆ. ಅವು ನೂರಾರು ಪದವೀಧರರನ್ನು ಹೊರಲಾರವು. ರಾಜ್ಯ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯನ್ನು ಒಂದು ಗುಚ್ಛವಾಗಿ ಗುರುತಿಸಿದೆ. 2024ರ ನವೆಂಬರ್‌ನಲ್ಲಿ ಜಾಗತಿಕ ಸಾಮರ್ಥ್ಯ ಕೇಂದ್ರಗಳಿಗಾಗಿಯೇ ಒಂದು ನೀತಿಯೂ ಬಂದಿದೆ. ಆದರೆ ಬಹುರಾಷ್ಟ್ರೀಯ ಕಂಪನಿಗಳ ಈ ಸ್ವಂತ ಕಚೇರಿಗಳು ಈಗಲೂ ಬಹುಪಾಲು ಬೆಂಗಳೂರಿನಲ್ಲೇ ತೆರೆಯುತ್ತಿವೆ. ಅವು ಸೇವಾ ಕಂಪನಿಗಳಿಗಿಂತ ಒಳ್ಳೆಯ ಸಂಬಳ ಕೊಡುತ್ತವೆ, ಸಾವಿರಾರು ಜನರನ್ನು ಒಮ್ಮೆಲೇ ತೆಗೆದುಕೊಳ್ಳುವುದಿಲ್ಲ. ಕಡಿಮೆ ಜನ, ಗಟ್ಟಿ ಜನ ಅವರಿಗೆ ಬೇಕು.

ಇವೆಲ್ಲವನ್ನೂ ತೂಗಿದರೆ ತೀರ್ಪು ಹೀಗೆ ನಿಲ್ಲುತ್ತದೆ. ಗಣಿತದಲ್ಲಿ ಒಲವಿದ್ದು, ಸರ್ಕಾರಿ ಅಥವಾ ಸಿಇಟಿ ಸೀಟು ಸಿಕ್ಕವರಿಗೆ ಕಂಪ್ಯೂಟರ್ ಸೈನ್ಸ್ ಈಗಲೂ ಒಳ್ಳೆಯ ಪದವಿ. ಒಳ್ಳೆಯ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಸಿಕ್ಕು, ಅಧ್ಯಾಪಕರಿಲ್ಲದ ಕಾಲೇಜಿನಲ್ಲಿ ಸಿಎಸ್ ಸಿಕ್ಕರೆ ಮೊದಲನೆಯದೇ ಮೇಲು. ಹೊಲ ಮಾರಿ, ಖಾಸಗಿ ಬಡ್ಡಿಗೆ ಸಾಲ ತಂದು ಡೊನೇಶನ್ ಕಟ್ಟಿ ಕೊಳ್ಳುವ ಸೀಟು ಇವತ್ತಿನ ಮಾರುಕಟ್ಟೆಯಲ್ಲಿ ತಕ್ಕುದಲ್ಲ. ಆ ಹಣ ಮರಳಿ ಬರುವ ಲೆಕ್ಕ ಯಾವ ರೀತಿಯಲ್ಲೂ ಕೂಡುವುದಿಲ್ಲ.

ಪಾಲಕರು ಆಪ್ಷನ್ ಎಂಟ್ರಿಗೆ ಮುಂಚೆ ಒಂದು ದಿನವನ್ನು ಕಾಲೇಜಿಗೆ ಹೋಗಿ ಬರಲು ಇಡಬೇಕು. ಅತಿ ಹೆಚ್ಚು ಪ್ಯಾಕೇಜ್ ಪಡೆದ ಒಬ್ಬನ ಫೋಟೋ ಇರುವ ಫ್ಲೆಕ್ಸ್ ನೋಡಿ ಬರಬಾರದು. ಕಳೆದ ವರ್ಷ ಆ ಶಾಖೆಯಿಂದ ಎಷ್ಟು ಜನ ಪಾಸಾದರು, ಅವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ನಡುವಿನ ವಿದ್ಯಾರ್ಥಿಗೆ ಸಿಕ್ಕ ಸಂಬಳವೆಷ್ಟು, ಶಾಖೆಗೆ ಗುಣಮಟ್ಟ ನೋಡುವ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಇದೆಯೇ, ಕಾಯಂ ಅಧ್ಯಾಪಕರೆಷ್ಟು ಎಂದು ಕೇಳಿ ಬರಹದಲ್ಲಿ ಪಡೆಯಬೇಕು. ಅಧ್ಯಾಪಕರು, ಶುಲ್ಕ, ಸೌಲಭ್ಯಗಳ ವಿವರವನ್ನು ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕೆಂಬ ನಿಯಮವಿದೆ. ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜಿನ ಯಾವ ಶಾಖೆ ಯಾವ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ, ಅದನ್ನು ನೋಡಲು ಯಾರಿಗೂ ಹಣ ಕೊಡಬೇಕಿಲ್ಲ.